ಘಾಲಾದ ಬಿಸಿನೀರ ಬುಗ್ಗೆ

ಮ್ಯಾನೇಜರ್ ಹರ್ಷಿತನ ಕ್ಯಾಬಿನ್ನಿಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಸೇಸಪ್ಪ ಬಾಗಿಲ ಬಳಿ ನಿಂತು, ಬಲಗಾಲಿನ ಬ್ಯಾಂಡೇಜು ಸಡಿಲವಾಗದ ಹಾಗೆ ಚಪ್ಪಲಿ ಕಳಚಿದ. ಬೀಳದಂತೆ ಅವನ ತೋಳು ಹಿಡಿದುಕೊಂಡದ್ದು ಸ್ಟೋರ್ ಕೀಪರ್ ಅಫ್ರಾಜ್. ಮಸ್ಕತ್ತಿನ ಘಾಲಾದಲ್ಲಿದ್ದ ಆ ಎ.ಸಿ. ರಿಪೇರಿ ಕಂಪನಿಯಲ್ಲಿ ಮೊದಲು ಇಂಥ ಮಡಿಮೈಲಿಗೆ ಇರಲಿಲ್ಲ. ಹರ್ಷಿತ್ ಫೆಬ್ರವರಿಯಲ್ಲಿ ಹೆಂಡತಿಯ ಜೊತೆ ಜಪಾನಿಗೆ ಹೋಗಿ, ದೇವಸ್ಥಾನವೊಂದರ ಪಕ್ಕದಲ್ಲಿದ್ದ ಬಿಸಿನೀರ ಬುಗ್ಗೆಯ ಹಳೇಕಾಲದ ವಸತಿಗೃಹದಲ್ಲಿ ಮೂರು ದಿನ ಉಳಿದು ಬಂದಿದ್ದ. ಜೂನ್ ಮುಗಿಯುತ್ತ ಬಂದರೂ ಅವನು ಪೂರ್ತಿ ವಾಪಸು ಬಂದಿರಲಿಲ್ಲ.

ಸೇಸಪ್ಪನ ಅರ್ಜಿ ಒಂದೇ ಸಾಲಿನದು. ಕೆಲಸಗಾರರು ಉಳಿದುಕೊಳ್ಳುವ ಕ್ಯಾಂಪಿನ ತಾರಸಿಯಲ್ಲಿರುವ ನೀರಿನ ಟ್ಯಾಂಕಿಗೆ ಒಂದು ಚಿಲ್ಲರ್ ಹಾಕಿಸಿಕೊಡಬೇಕು. ಮಸ್ಕತ್ತಿನ ಎಷ್ಟೋ ವಿಲ್ಲಾಗಳ ಟ್ಯಾಂಕಿಗೆ ಚಿಲ್ಲರ್ ಕೂರಿಸಿ ನೀರು ತಂಪು ಮಾಡಿಕೊಟ್ಟವರು ಇದೇ ಕ್ಯಾಂಪಿನ ಇಪ್ಪತ್ತೆರಡು ಮಂದಿ. ಅವರ ನಲ್ಲಿಯಲ್ಲಿ ಮಾತ್ರ ಬೇಸಿಗೆಯುದ್ದಕ್ಕೂ ಬಿಸಿಲು ಕಾಯಿಸಿದ ನೀರು. ಆರಲಿ ಎಂದು ಬೆಳಿಗ್ಗೆ ತುಂಬಿಸಿಟ್ಟ ಬಕೆಟನ್ನು ಮಧ್ಯಾಹ್ನದೊಳಗೆ ಬೇರೆ ಯಾರೋ ಮೈಮೇಲೆ ಹೊಯ್ದುಕೊಂಡಿರುತ್ತಾರೆ. ಸೇಸಪ್ಪನಿಗೆ ಶುಗರ್; ಪಾದಕ್ಕೆ ಬಿಸಿ, ತಂಪು ಒಂದೂ ತಿಳಿಯುವುದಿಲ್ಲ. ಹೋದ ವಾರ ಮಿಂದು ಬಂದವನ ಕಾಲಿನಲ್ಲಿ ಬೊಬ್ಬೆ ಎದ್ದದ್ದನ್ನು ಕಂಡು ಕೂಗಿಕೊಂಡದ್ದು ಅಫ್ರಾಜ್. ಇನ್ನೊಮ್ಮೆ ಹೀಗಾದರೆ ಬೆರಳು ತೆಗೆಯಬೇಕು ಎಂದಿದ್ದಾರೆ ಡಾಕ್ಟರು. ಬೆರಳು ಹೋದರೆ ಏಣಿ ಹತ್ತುವ ಹಾಗಿಲ್ಲ, ಏಣಿ ಹತ್ತದವನಿಗೆ ಈ ಕಂಪನಿಯಲ್ಲಿ ಕೆಲಸವಿಲ್ಲ.

ಹರ್ಷಿತ್ ಅರ್ಜಿಯ ಮೇಲೆ ಕಣ್ಣಾಡಿಸಿದ. ಊರಿನವರ ಹತ್ತಿರ ಅವನದು ಯಾವಾಗಲೂ ತುಳು. ಇಲ್ಲ ಎನ್ನಬೇಕಾದಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದ.

"ನೋಡಿ ಸೇಸಪ್ಪಣ್ಣ," ಎಂದ ಕನ್ನಡದಲ್ಲಿ, "ಬಿಸಿನೀರು ಅಂದ್ರೆ ನಿಮಗೆಲ್ಲ ತಾತ್ಸಾರ. ಅಲ್ಲಿ ಜನ ಅದಕ್ಕಾಗಿಯೇ ಆರು ತಿಂಗಳು ಮೊದಲು ಬುಕ್ ಮಾಡ್ತಾರೆ. ನೀರು ನಲವತ್ತೆರಡು ಡಿಗ್ರಿ. ಇಳಿದು ಕೂತ್ರೆ ಸಂದು ಸಂದಿನ ನೋವೂ ಮಾಯ."

"ನಮ್ಮದು ಐವತ್ತೊಂದು ಸರ್," ಎಂದ ಸೇಸಪ್ಪ. "ಮೀಟರ್ ಹಿಡಿದು ನೋಡಿದ್ದೇನೆ."

"ಅದೆಲ್ಲ ನಾವು ಮನಸ್ಸಿಗೆ ತಗೊಳ್ಳುವ ರೀತಿಯಲ್ಲಿ ಇರುವುದು. ಅಲ್ಲಿ ಮಲಗ್ಲಿಕ್ಕೆ ಮಂಚ ಇಲ್ಲ, ನೆಲದಲ್ಲೇ ಹಾಸಿಗೆ. ಎಲ್ಲರಿಗೂ ಒಂದೇ ಥರದ ಬಟ್ಟೆ. ಸ್ನಾನಕ್ಕೆ ಗಂಡಸರೆಲ್ಲ ಒಟ್ಟಿಗೆ. ಡಾಕ್ಟರು, ಜಡ್ಜು, ಯಾರೇ ಆಗಲಿ, ಮೈಮೇಲೆ ಒಂದು ನೂಲು ಇರುವ ಹಾಗಿಲ್ಲ."

"ನಮ್ಮ ಕ್ಯಾಂಪೇ ಆಯ್ತಲ್ಲ ಸರ್," ಎಂದ ಅಫ್ರಾಜ್. "ನಮ್ಮಲ್ಲಿ ಜಡ್ಜ್ ಒಬ್ಬರು ಕಮ್ಮಿ. ನೀವೂ ಅವರ ಒಟ್ಟಿಗೇ ಇಳಿದದ್ದಾ?"

ಹರ್ಷಿತ್ ಮೇಜಿನ ಮೇಲಿದ್ದ ಪೆನ್ನನ್ನು ಸರಿಮಾಡಿ ಇಟ್ಟ. "ನಮಗೆ ರೂಮಿಗೆ ಸೇರಿದ ಪ್ರೈವೇಟ್ ಕೊಳ ಇತ್ತು," ಎಂದು, ಮಾತು ಬದಲಿಸಲು ಡ್ರಾಯರಿನಿಂದ ಅಂಗೈಯಗಲದ ಮರದ ಹಲಗೆಯೊಂದನ್ನು ತೆಗೆದು ಸೇಸಪ್ಪನ ಕೈಗೆ ಕೊಟ್ಟ. "ಇದು ಅಲ್ಲಿನ ದೇವಸ್ಥಾನದ್ದು. ಇದರಲ್ಲಿ ಬೇಡಿಕೆ ಬರೆದು ನೇತುಹಾಕಿ ಸುಮ್ಮನೆ ಮನೆಗೆ ಹೋಗ್ತಾರೆ. ಮತ್ತೆ ಮತ್ತೆ ಬಂದು ಯಾರನ್ನೂ ಪೀಡಿಸುವುದಿಲ್ಲ. ಎಂಥಾ ಶಿಸ್ತು ನೋಡಿ. ನೀವೂ ಚಿಲ್ಲರಿನ ವಿಷಯ ಇದರಲ್ಲಿ ಬರೆದು, ಗೋಡೆಯ ಆ ಮೊಳೆಗೆ ಹಾಕಿ. ಖಲಾಸ್."

"ಬರೆದದ್ದನ್ನು ಓದುವುದು ಯಾರು ಸರ್?"

"ದೇವರು."

"ಹೋದ ವರ್ಷದಿಂದ ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಅದನ್ನೂ ಅವರೇ ಓದಿರಬೇಕು," ಎಂದ ಸೇಸಪ್ಪ.

ಅವನಿಗೆ ಸಿಟ್ಟು ಬಂದಿತ್ತು. ಹದಿನೆಂಟು ವರ್ಷ ಕಂಡವರ ಮನೆಯನ್ನೆಲ್ಲ ತಂಪು ಮಾಡಿ, ಈಗ ತನ್ನ ಕಾಲ್ಬೆರಳು ಉಳಿಸಿಕೊಳ್ಳಲು ಒಂದು ಮರದ ತುಂಡು ಹಿಡಿದು ನಿಲ್ಲಬೇಕಾಯಿತಲ್ಲ ಎಂದು. ಅಫ್ರಾಜ್ ಮೆಲ್ಲಗೆ ತೋಳು ಜಗ್ಗಿ, ಹೋಗುವ ಎಂದು ಸನ್ನೆ ಮಾಡಿದ. ಸೇಸಪ್ಪ ಕದಲಲಿಲ್ಲ. ಹಲಗೆಯನ್ನು ಮೇಜಿನ ಮೇಲಿಟ್ಟು, ದನಿ ಏರಿಸದೆ ಕೇಳಿದ.

"ಒಂದು ಸಂಶಯ ಸರ್. ಆ ನೀರಿಂದ ಎದ್ದು ಹೊರಗೆ ಬಂದ್ರೆ ಅಲ್ಲಿ ಹೇಗಿರ್ತದೆ?"

ಹರ್ಷಿತನ ಮುಖ ಅರಳಿತು. ನಾಲ್ಕು ತಿಂಗಳಲ್ಲಿ ಆಫೀಸಿನ ಒಬ್ಬನೂ ಅವನನ್ನು ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಕನ್ನಡ ಮರೆತು ತುಳುವಿಗೆ ಬಂದುಬಿಟ್ಟ.

"ಇರುವುದೇ ಅದರಲ್ಲಿ ಸೇಸಪ್ಪಣ್ಣ. ಸುತ್ತ ಮೊಣಕಾಲಿನವರೆಗೆ ಹಿಮ. ಗಾಳಿ ಮುಖಕ್ಕೆ ತಾಗಿದ್ರೆ ಐಸ್ ಇಟ್ಟ ಹಾಗೆ. ಆ ತಂಪಿಗಾಗಿಯೇ ಈ ಬಿಸಿ. ಹೊರಗೆ ಅಷ್ಟು ತಂಪು ಇಲ್ಲದಿದ್ರೆ ಆ ನೀರಿನಲ್ಲಿ ಒಂದು ನಿಮಿಷ ಕೂರ್ಲಿಕ್ಕೆ ಯಾರಿಂದಲೂ ಸಾಧ್ಯ ಇಲ್ಲ."

ಸೇಸಪ್ಪ ಕಿಟಕಿಯಾಚೆ ನೋಡಿದ. ನಲವತ್ತೇಳು ಡಿಗ್ರಿ ಬಿಸಿಲಿಗೆ ಅಂಗಳದಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಗೋಡೆಗೆ ಆನಿಸಿಟ್ಟ ಏಣಿಗಳು ಮುಟ್ಟುವವರಿಲ್ಲದೆ ಕಾಯುತ್ತಿದ್ದವು. ಅವನು ಮೇಜಿನ ಮೇಲಿದ್ದ ತನ್ನ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಹರ್ಷಿತನ ಪೆನ್ನಿನಿಂದಲೇ ಚಿಲ್ಲರ್ ಎಂಬುದನ್ನು ಗೀಟೆಳೆದು ಹೊಡೆದುಹಾಕಿದ.

"ಹಾಗಾದ್ರೆ ಚಿಲ್ಲರ್ ಬೇಡ ಸರ್," ಎಂದ. "ಬಿಸಿನೀರು ಈಗ ಇರುವ ಹಾಗೆಯೇ ಇರ್ಲಿ. ಆ ಹೊರಗಿನ ಹಿಮವನ್ನು ಮಾತ್ರ ತರಿಸಿ ಕೊಡಿ. ಫಿಟ್ಟಿಂಗ್ ನಾವೇ ಮಾಡ್ತೇವೆ."