ಹಳೆಯ ಭಾರದ ಕೋಣೆ

ಭೂಮಿಯ ಸೆಳೆತ ತಗ್ಗಿ ಎಲ್ಲವೂ ಹಗುರಾಗಿ ಇಪ್ಪತ್ತು ವರ್ಷವಾಗಿತ್ತು. ಗದಗದ ಸಂತೆಯಲ್ಲಿ ಬದನೆಕಾಯಿ ಬುಟ್ಟಿಗೂ ಕಲ್ಲು ಕಟ್ಟುತ್ತಿದ್ದರು. ಜನ ಚಪ್ಪಲಿಗೆ ಸೀಸದ ಅಟ್ಟೆ ಹಾಕಿಸಿಕೊಂಡು ಓಡಾಡುತ್ತಿದ್ದರು. ಹಳೆಯ ಭಾರವನ್ನು ಹಾಗೇ ಉಳಿಸಿಕೊಂಡಿದ್ದು ಕ್ರೀಡಾಂಗಣದ ಹಿಂದಿನ ಉದ್ದನೆಯ ಕೋಣೆಯೊಂದೇ. ಪ್ರತಿ ಮಂಗಳವಾರ ಬೆಳಿಗ್ಗೆ ಅಲ್ಲಿಗೆ ಬರುತ್ತಿದ್ದವಳು ಕಸ್ತೂರವ್ವ ಒಬ್ಬಳೇ.

ಅವಳಿಗೆ ಅರವತ್ತು ದಾಟಿತ್ತು, ಎಡಮಂಡಿಗೆ ಎರಡು ಸಲ ಆಪರೇಷನ್ ಆಗಿತ್ತು. ಆದರೂ ಹುಡುಗಿಯಾಗಿದ್ದಾಗಿನಂತೆಯೇ ಉದ್ದಜಿಗಿತದ ಮರಳಿನ ಗುಂಡಿಯಿಂದ ಹೆಜ್ಜೆ ಅಳೆಯುತ್ತ ಹೋಗಿ, ಓಟ ಶುರುವಾಗುವ ಜಾಗಕ್ಕೆ ಗುರುತಾಗಿ ಒಂದು ಚಪ್ಪಲಿ ಇಡುತ್ತಿದ್ದಳು. ಆ ದಿನ ಮೂರನೇ ಜಿಗಿತಕ್ಕೆ ಎರಡೂ ಮುಕ್ಕಾಲು ಮೀಟರ್ ದಾಟಿದಳು.

ಕರೆದೊಯ್ಯಲು ಬಂದಿದ್ದ ಮೊಮ್ಮಗಳು ಸಾವಿ ಬಾಗಿಲಾಚೆ ನಿಂತು ನಕ್ಕಳು. "ಯಾಕಬೇ ಅಜ್ಜಿ, ಇಷ್ಟಕ್ಕ ಇಷ್ಟು ಬೆವರತಿ? ನಾ ಹೊರಗ ಹನ್ನೆರಡು ಮೀಟರ್ ಜಿಗೀತೇನಿ."

"ಒಳಗ ಬಂದು ಜಿಗಿ, ನೋಡೂಣು."

ಸಾವಿ ಸೀಸದ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಓಡಿದಳು. ಅರ್ಧ ದಾರಿಗೇ ಏದುಸಿರು ಬಂತು. ಚಿಮ್ಮಿದವಳನ್ನು ನೆಲ ಹಿಡಿದೆಳೆಯಿತು. ಮರಳಿನ ಅಂಚಿನಲ್ಲೇ ಕುಸಿದು ಕುಳಿತಳು. ಎದುರಿನ ಗೋಡೆಯ ಮೇಲೆ ಅಜ್ಜಿಯ ಹೆಸರು, ಅದರ ಮುಂದೆ 'ಐದೂ ಮುಕ್ಕಾಲು ಮೀಟರ್' ಎಂದು ಮಾಸಿದ ಅಕ್ಷರಗಳಿದ್ದವು. ವಾರವಾರ ಬಾಗಿಲಾಚೆಯಿಂದ ನೋಡಿದ್ದನ್ನೇ ಸಾವಿ ಇನ್ನೊಮ್ಮೆ ಓದಿದಳು.

"ಇಷ್ಟು ಭಾರ ಹೊತ್ಕೊಂಡು ಅಷ್ಟು ದೂರ ಹೆಂಗ ಹಾರಿದ್ದಿ?"

ಕಸ್ತೂರವ್ವ ಮಂಡಿ ಸವರಿಕೊಂಡಳು. "ಆಗ ಇದು ಭಾರ ಅಂತ ಯಾರಿಗೆ ಗೊತ್ತಿತ್ತು."

ಸಾವಿ ಕೈಯೂರಿ ಎದ್ದಳು. ಮರಳು ಕೊಡವಿಕೊಂಡು, ಬಾಗಿಲಲ್ಲಿ ಬಿಟ್ಟಿದ್ದ ತನ್ನ ಒಂದು ಚಪ್ಪಲಿ ತಂದು, ಅಜ್ಜಿಯ ಚಪ್ಪಲಿಯ ಪಕ್ಕದಲ್ಲಿಟ್ಟಳು.