ಜಗಲಿಗೆ ಬಂದ ನೆಂಟರು

ಕಾಫಿ ಲೋಟ ಬಾಯಿಗಿಡಲು ಹೊರಟ ಶಿವರಂಜನಿ ಅದನ್ನು ಹಾಗೇ ಕೆಳಗಿಟ್ಟಳು. ನಿನ್ನೆಯವರೆಗೆ ನೂರು ಚಿಲ್ಲರೆ ಜನರಿದ್ದ ‘ಹೆಮ್ಮರಗಾಲ ಜಗಲಿ’ಯಲ್ಲಿ ಈಗ ಮುನ್ನೂರು ದಾಟಿತ್ತು. ಬಂದವರು ಸುಮ್ಮನೆ ಕೂತಿದ್ದರೆ ಬೇರೆ ಮಾತು. ಒಬ್ಬ ವಾರದಲ್ಲಿ ಹೊಟ್ಟೆ ಕರಗಿಸುತ್ತೇನೆ ಎನ್ನುತ್ತಾನೆ, ಇನ್ನೊಬ್ಬ ಬೋಳು ತಲೆಯಲ್ಲಿ ಕೂದಲು ಬೆಳೆಸುತ್ತೇನೆ ಎನ್ನುತ್ತಾನೆ. ಈ ಗಲಾಟೆಯಲ್ಲಿ ಪುಟ್ಟಮಾದಮ್ಮ ‘ನಮ್ಮ ಕಡಸು ಹಗ್ಗ ಕಿತ್ಕೊಂಡು ಹೋಗೈತೆ, ಕಂಡೋರು ಹೇಳಿ’ ಎಂದು ಹಾಕಿದ್ದು ಎಲ್ಲೋ ತಳ ಸೇರಿತ್ತು.

ಈ ಜಗಲಿ ಮನೆಯ ಮುಂದಿನದಲ್ಲ, ಫೋನಿನೊಳಗಿನದು, ಊರವರು ಸುದ್ದಿ ಹಂಚಿಕೊಳ್ಳುವ ತಾಣ. ಎಲ್ಲೋ ದೂರದಲ್ಲಿ ಕೂತು ಆಳುವ ಒಬ್ಬ ದೊಡ್ಡ ಯಜಮಾನ ಈ ಜಾಲಕ್ಕಿಲ್ಲ. ಊರಿಗೊಂದು ಸರ್ವರ್, ಊರಿನವರದೇ ಕಾರುಬಾರು. ಹೆಮ್ಮರಗಾಲದ್ದು ಶಿವರಂಜನಿಯ ನಡುಮನೆಯ ಹಳೇ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಸೋಮನಾಥಪುರದ್ದು ಅಲ್ಲಿಯ ಮಹಾದೇವಸ್ವಾಮಿಯ ಕೈಯಲ್ಲಿ. ಎರಡರ ನಡುವೆ ಗೇಟು ತೆರೆದಿರುವಷ್ಟು ದಿನ ಇಲ್ಲಿ ಬರೆದದ್ದು ಅಲ್ಲಿಯವರಿಗೂ ಕಾಣುತ್ತದೆ. ಮುಚ್ಚಿದರೆ, ಆ ಕಡೆಗೆ ಕೊಟ್ಟ ಹೆಣ್ಣುಮಕ್ಕಳು ತವರಿನ ಸುದ್ದಿ ಓದುವುದೂ ನಿಂತಂತೆ.

ಆ ಮಹಾದೇವಸ್ವಾಮಿಯಿಂದಲೇ ಬೆಳಿಗ್ಗೆ ಸಂದೇಶ ಬಂದಿತ್ತು: ‘ಮೇಡಂ, ನಿಮ್ಮ ಕಸ ನಮ್ಮೂರಿಗೆ ಹರಿದು ಬರ್ತಿದೆ. ಸಂಜೆಯೊಳಗೆ ಕ್ಲೀನ್ ಆಗದಿದ್ರೆ ಗೇಟು ಮುಚ್ತೀನಿ.’

“ಅತ್ತೆ! ಯಾರ್ಯಾರ್ನ ಒಳಗೆ ಬಿಟ್ಟಿದ್ದೀರಿ?”

ಸಿದ್ದಲಿಂಗಮ್ಮ ಸೊಪ್ಪು ಸೋಸುತ್ತಾ ಕೂತಿದ್ದರು. ಜಗಲಿಗೆ ಹೊಸದಾಗಿ ಸೇರಬಯಸುವವರಿಗೆ ಒಪ್ಪಿಗೆ ಕೊಡುವ ಕೆಲಸವನ್ನು ಸೊಸೆಯೇ ಅವರಿಗೆ ವಹಿಸಿದ್ದಳು.

“ಬಂದೋರ್ನೆಲ್ಲ ಬಿಟ್ಟಿವ್ನಿ. ನಿನ್ನೆ ಮದ್ಯಾನದಿಂದ ಒಂದೇ ಸಮ ಬತ್ತಾವ್ರೆ ಕಣವ್ವ. ನಮ್ ಜಗಲಿ ಎಸ್ರು ಎಲ್ಲಿಗಂಟ ಓಗೈತೆ ನೋಡು!”

“‘ಬೇಡ’ ಅಂತ ಒಂದು ಬಟನ್ ಇದೆಯಲ್ಲ ಅತ್ತೆ, ಅದನ್ನ ಯಾಕೆ ಒತ್ತಲಿಲ್ಲ?”

“ಬಾಗ್ಲಿಗೆ ಬಂದೋರ್ಗೆ ಬ್ಯಾಡ ಅನ್ನಕ್ಕಾದದಾ? ನೀನೊಳ್ಳೆ!”

ಶಿವರಂಜನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ನಿನ್ನೆಯಿಂದ ಬಂದವರನ್ನೆಲ್ಲ ಒಟ್ಟಿಗೆ ಅಳಿಸಿಬಿಡಬಹುದಿತ್ತು. ಆದರೆ ಅವರಲ್ಲಿ ನಿಜವಾದ ಮನುಷ್ಯರೂ ಇದ್ದರು. ಕೆರೆ ಪಕ್ಕದ ರಾಮಯ್ಯನಂಥ ನಾಚಿಕೆಯ ಆಸಾಮಿ ಎಷ್ಟು ಬಲವಂತ ಮಾಡಿಸಿಕೊಂಡು ಸೇರಿದ್ದ! ಒಮ್ಮೆ ಹೊರಗೆ ಹಾಕಿದರೆ ಅವನು ಮತ್ತೆ ಈ ಕಡೆ ತಲೆ ಹಾಕಿಯಾನೇ? ಹೆಸರು ನೋಡಿ ಆರಿಸೋಣವೆಂದರೆ ಕಸದವರೂ ಶಾಂತಿ, ರಂಗನಾಯಕ ಎಂದೇ ಹೆಸರಿಟ್ಟುಕೊಂಡು ಬಂದಿದ್ದರು, ಹಾಳಾದವರು.

“ಯೋಚ್ನೆ ಯಾಕವ್ವ?” ಎಂದು ಸಿದ್ದಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತರು. “ಬಂದೋರ್ಗೆಲ್ಲ ‘ಊಟ ಆಯ್ತಾ?’ ಅಂತ ಕೇಳಿವ್ನಿ. ಏನಂದವ್ರೆ ನೋಡು.”

ಅತ್ತೆ ಸೊಸೆ ಇಬ್ಬರೂ ಉತ್ತರಗಳನ್ನು ಒಂದೊಂದಾಗಿ ಓದುತ್ತಾ ಹೋದರು. ಹಲವರು ಬಾಯೇ ಬಿಟ್ಟಿರಲಿಲ್ಲ. ಕೆಲವರು ‘ಹಲೋ ಡಿಯರ್, ಈ ಲಿಂಕ್ ಒತ್ತಿ’ ಎಂದಿದ್ದರು. ಒಬ್ಬನಂತೂ ‘ಹೌದು, ನನ್ನ ಊಟವು ಯಶಸ್ವಿಯಾಗಿ ಪೂರ್ಣಗೊಂಡಿದೆ’ ಎಂದು ಬರೆದಿದ್ದ.

“ಪೂರ್ಣಗೊಂಡದಂತಾ? ಅದೇನು ರಸ್ತೆ ಕಾಮಗಾರಿನಾ?” ಸಿದ್ದಲಿಂಗಮ್ಮ ಬಿದ್ದು ಬಿದ್ದು ನಕ್ಕರು.

ರಾಮಯ್ಯ ಬರೆದಿದ್ದ: ‘ಆಯ್ತು ಕಣಕ್ಕ, ಉಪ್ಸಾರು ಮುದ್ದೆ. ನಿಮ್ದು?’

“ನೋಡ್ದಾ? ತಿರುಗಿ ಕೇಳವ್ನೆ. ಮನ್ಸ ಅಂದ್ಮ್ಯಾಲೆ ತಿರುಗಿ ಕೇಳ್ತಾನೆ. ಕೇಳ್ದಿರೋರ್ನ ಕಳ್ಸು. ನೀನೇ ಒತ್ತವ್ವ, ನನ್ ಕೈಲಿ ಆಗಕ್ಕಿಲ್ಲ.”

ಒತ್ತಿದಳು, ಒತ್ತಿದಳು, ಬೆರಳು ಸೋಲುವ ತನಕ ಒತ್ತಿದಳು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಜಗಲಿ ಗುಡಿಸಿದಂತಾಗಿ ಪುಟ್ಟಮಾದಮ್ಮನ ಕಡಸು ಮೇಲಕ್ಕೆ ಬಂತು. ಅದರ ಕೆಳಗೆ ರಾಮಯ್ಯ ‘ನಮ್ಮ ಹುಲ್ಲಿನ ಮೆದೆ ತಾವು ಮೇಯ್ತಾ ಐತೆ, ಬಂದು ಹಿಡ್ಕೊಂಡೋಗಿ’ ಎಂದು ಬರೆದ. ಶಿವರಂಜನಿಗೆ ಖುಷಿಯಿಂದ ಕುಣಿಯುವಂತಾಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದಳು.

“ಏನ್ ಮೇಡಂ ಇದು? ಕಸ ಹೋಯ್ತೋ ಇಲ್ವೋ ಒಳಗೇ ಬಂದು ನೋಡೋಣ ಅಂತ ಬೆಳಿಗ್ಗೆ ನಿಮ್ ಜಗಲಿಗೆ ಸೇರಿದ್ರೆ, ನನ್ನನ್ನೇ ಆಚೆಗೆ ಹಾಕಿದ್ದೀರಲ್ಲ!” ಮಹಾದೇವಸ್ವಾಮಿ ಕೆಂಡವಾಗಿದ್ದರು.

ಶಿವರಂಜನಿ ಗಾಬರಿಯಿಂದ ಹುಡುಕಿದಳು; ಒತ್ತುವ ಭರದಲ್ಲಿ ಹೆಸರನ್ನೇ ನೋಡಿರಲಿಲ್ಲ. ‘ಊಟ ಆಯ್ತಾ?’ ಎಂಬುದಕ್ಕೆ ಅವರ ಉತ್ತರ ಅಲ್ಲೇ ಇತ್ತು: ‘ಆಯ್ತು.’ ಅಷ್ಟೇ. ಗೇಟು ಮುಚ್ಚಿಯೇ ಹೋಯಿತು ಎಂದುಕೊಂಡಳು. ಸಿದ್ದಲಿಂಗಮ್ಮ ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಯಾರಪ್ಪಾ, ಸೋಮನಾಥಪುರದೋರಾ? ಊಟ ಆಯ್ತಾ?”

“ಆಯ್ತು. ಅಲ್ಲಮ್ಮಾ, ನಾನ್ ಹೇಳ್ತಿರೋದು...”

“ಊಟ ಆಯ್ತಾ ಅಂದೆ.”

“ಆಯ್ತು ಅಂದ್ನಲ್ಲಮ್ಮಾ!”

“ಅದೇ ಕಣಪ್ಪ. ಅದ್ಕೇ ನಿನ್ನ ಕಳ್ಸಿದ್ದು. ಊಟ ಆಯ್ತಾ?”

ಈ ಸಲ ಮಹಾದೇವಸ್ವಾಮಿಯ ದನಿ ಮೆತ್ತಗೆ ಬಂತು.

“ಆಯ್ತಮ್ಮಾ... ನಿಮ್ದು?”

“ಇನ್ನೂ ಇಲ್ಲ ಕಣ್ ಮಗಾ. ಬೆಳಗಿಂದ ಬಾಯ್ಬುಟ್ಟು ಕೇಳಿದ್ದು ನೀನೊಬ್ನೇ ನೋಡು.”

ಶಿವರಂಜನಿ ಅಡುಗೆಮನೆಯ ಕಡೆ ತಿರುಗಿ ನೋಡಿದಳು. ಸೋಸಿಟ್ಟ ಸೊಪ್ಪು ಮೊರದಲ್ಲಿ ಬಾಡಿತ್ತು, ಒಲೆಯನ್ನು ಇಬ್ಬರೂ ಮುಟ್ಟಿರಲಿಲ್ಲ. ಫೋನಿನಲ್ಲಿ ಮಹಾದೇವಸ್ವಾಮಿ ನಗುತ್ತಿದ್ದರು.

“ಮೇಡಂ, ಮೊದ್ಲು ಅವರಿಗೆ ಊಟಕ್ಕಿಡಿ. ಗೇಟು ತೆಗ್ದೇ ಇರುತ್ತೆ.”