ಜೈನಾಬ್ ಹೆಸರಿನ ಮೀನು

"ಎಲ್ಲಮ್ಮಾ ನನ್ ಮೀನು?" ಎನ್ನುತ್ತಲೇ ಜೈನಾಬ್ ಖಾಲಾ ಹೆಬ್ಬಾಳದ ಪ್ರಯೋಗಾಲಯದೊಳಗೆ ಬಂದಳು. ಯಲಹಂಕದ ಮೀನಂಗಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಮೀನು ಕೊಯ್ದು ಕೊಡುತ್ತಿರುವ ಕೈಗೆ ಇವತ್ತು ಅತ್ತರು ಬೇರೆ. ತಂಗಿಯ ಮಗಳು ಜೋಯಾ ಹೊಸ ಮೀನೊಂದಕ್ಕೆ ತನ್ನ ಹೆಸರಿಡುತ್ತಾಳೆಂದು ಅರ್ಧ ಯಲಹಂಕಕ್ಕೆ ಆಗಲೇ ಸಾರಿಬಿಟ್ಟಿದ್ದಳು.

ಜೋಯಾಗೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸ್ಕಲ್ಪಿನ್ ಎಂಬ ತಣ್ಣನೆಯ ಕಡಲಿನ ಮೀನುಗಳಲ್ಲಿ ಒಂದು ಪುಟ್ಟ ಕುಲ, ಅದರಲ್ಲಿ ಎರಡೇ ಪ್ರಭೇದ. ವಿದೇಶದ ಮ್ಯೂಸಿಯಂ ಎರವಲು ಕೊಟ್ಟ ಬಾಟಲಿಯಲ್ಲಿ ಬೆನ್ನ ರೆಕ್ಕೆ ಎತ್ತರವಾಗಿದ್ದ ಏಳು ಮೀನು ಅವಳಿಗೆ ಸಿಕ್ಕಿದ್ದವು. ಇದು ಮೂರನೆಯ ಪ್ರಭೇದವೇ ಎಂದು ಮೂರು ವರ್ಷ ಮುಳ್ಳು ಎಣಿಸಿ, ಅಳೆದು ಬರೆದಿದ್ದಳು. ಹೊಟ್ಟೆ ಮಾತ್ರ ಕೊಯ್ಯಬಾರದೆಂದು ಮ್ಯೂಸಿಯಂ ಕರಾರು ಹಾಕಿತ್ತು. ಪ್ರಬಂಧ ಇವತ್ತು ಸಂಜೆ ವಿಜ್ಞಾನ ಪತ್ರಿಕೆಗೆ ಹೊರಡಬೇಕು.

ಕೈಗವಸು ತೊಡಿಸಿ ಒಂದು ಮೀನನ್ನು ಖಾಲಾಳ ಅಂಗೈಯಲ್ಲಿಟ್ಟಳು. ಹೆಬ್ಬೆರಳಿನಷ್ಟುದ್ದ.

"ಇಷ್ಟೇನಾ? ಒಂದು ತುತ್ತಿಗೂ ಸಾಲಲ್ಲ!"

ನಕ್ಕರೂ ಕೈ ಅಭ್ಯಾಸ ಬಿಡಲಿಲ್ಲ. ಮೊಟ್ಟೆ ಇರುವ ಮೀನೇ ಬೇಕೆಂದು ಗಿರಾಕಿಗಳು ಪ್ರಾಣ ತಿನ್ನುವುದರಿಂದ, ಯಾವ ಮೀನು ಸಿಕ್ಕರೂ ಮಗುಚಿ ಹೊಟ್ಟೆ ಸವರುವುದು ಅವಳ ರೂಢಿ. ಸವರಿದಳು. ಇನ್ನೊಂದನ್ನು ಎತ್ತಿಕೊಂಡಳು. ಏಳೂ ಆದ ಮೇಲೆ ಪಕ್ಕದ ಬಾಟಲಿಗೂ ಕೈ ಹಾಕಿದಳು.

"ಅಯ್ಯೋ ಖಾಲಾ, ಅದು ಬೇರೆ! ಎರಡನೇ ಪ್ರಭೇದ. ಪ್ರಪಂಚದಲ್ಲಿ ಸಿಕ್ಕಿರೋದೇ ಈ ಒಂಬತ್ತು."

ಒಂಬತ್ತನ್ನೂ ಸವರಿ ನೋಡಿಯೇ ಖಾಲಾ ಬಾಯಿ ಬಿಟ್ಟಳು. "ಬೇರೆ ಏನ್ ಬಂತು? ಇವೆಲ್ಲ ಹೆಣ್ಣು, ಮೊಟ್ಟೆ ಕಾಳುಕಾಳಾಗಿ ಕೈಗೆ ಸಿಗುತ್ತೆ. ಆ ಏಳೂ ಗಂಡು. ನೋಡಿಲ್ಲಿ, ಹೊಟ್ಟೆ ಕೆಳಗೆ ಸಣ್ಣ ಮೊನೆ ಇದೆ. ಗಂಡು ಅಂದ್ಮೇಲೆ ರೆಕ್ಕೆ ಎತ್ತಿ ಮೆರೀದೆ ಇರುತ್ತಾ?"

ಜೋಯಾ ಮೀನುಗಳನ್ನು ತನ್ನತ್ತ ಎಳೆದುಕೊಂಡಳು. ಸೂಕ್ಷ್ಮದರ್ಶಕದಡಿ ಒಂದೊಂದನ್ನೇ ಇಟ್ಟು ನೋಡಿದಳು. ಏಳರಲ್ಲೂ ಮೊನೆ ಇತ್ತು, ಒಂಬತ್ತರಲ್ಲಿ ಒಂದಕ್ಕೂ ಇರಲಿಲ್ಲ. ಮೂರು ವರ್ಷ ರೆಕ್ಕೆಯ ಮೇಲೇ ಕಣ್ಣಿಟ್ಟವಳು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಾಟಲಿಗಳ ಚೀಟಿ ಓದಿದಳು: ಒಂದೇ ಕಡಲು, ಒಂದೇ ಆಳ. ಅಂದರೆ ಈ ಏಳೂ ಎರಡನೇ ಪ್ರಭೇದದ ಗಂಡುಗಳೇ, ಅವನ್ನು ಇವತ್ತಿನವರೆಗೆ ಯಾರೂ ಗುರುತಿಸಿಯೇ ಇರಲಿಲ್ಲ! ಮೂರು ವರ್ಷದ ಬರವಣಿಗೆ ಕಸದ ಬುಟ್ಟಿಗೆ ಹೋಯಿತೆಂದು ಅಳುವ ಮೊದಲೇ ಖುಷಿ ಒದ್ದುಕೊಂಡು ಬಂತು. ಖಾಲಾಳನ್ನು ತಬ್ಬಿಕೊಂಡು ಕುಣಿದೇಬಿಟ್ಟಳು.

ಕುಣಿತ ಅರ್ಧಕ್ಕೇ ನಿಂತಿತು.

"ಆದ್ರೆ ಖಾಲಾ... ಇದು ಹೊಸ ಮೀನಲ್ಲ ಅಂದ್ಮೇಲೆ ಹಳೇ ಹೆಸರೇ ಇರುತ್ತೆ. ನಿಮ್ ಹೆಸರು ಇಡೋಕಾಗಲ್ಲ."

ಜೈನಾಬ್ ಮೀನುಗಳನ್ನು ಆಯಾ ಬಾಟಲಿಗೆ ಇಳಿಸಿದಳು. ಗೊರಗುಂಟೆಪಾಳ್ಯದ ನಾದಿನಿಗೂ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿಯಾಗಿತ್ತು. ಆಮೇಲೆ ಎರಡೂ ಬಾಟಲಿಗಳನ್ನು ಒಂದಕ್ಕೊಂದು ತಾಗುವಂತೆ ಸರಿಸಿಟ್ಟಳು.

"ಬಿಡು ಬೇಟಾ. ಗಂಡ ಹೆಂಡ್ತಿನ ಬೇರೆ ಮಾಡಿ ನನ್ ಹೆಸರಿಟ್ಟಿದ್ರೆ, ಆ ಪಾಪ ನನ್ ತಲೆಗೇ ಸುತ್ಕೋತಿತ್ತು."